ಸೀನನ ಗೇಟು, ದಾವೀದನ ನಕ್ಷತ್ರ

ಸೀನನ ಮನೆಗೆ ಹೊಸ ಗೇಟು ಬಂದಾಗಿನಿಂದ ನಮ್ಮ ಕಾಫಿ ಗುಂಪಿಗೆ ಬೇರೆ ಮಾತೇ ಇಲ್ಲ. ಗೇಟಿನ ನಟ್ಟನಡುವೆ ಎರಡು ತ್ರಿಕೋನ. ಒಂದು ನೆಟ್ಟಗೆ, ಇನ್ನೊಂದು ತಲೆಕೆಳಗು. ಸಾಲದ್ದಕ್ಕೆ ನೀಲಿ ಪೇಂಟು ಬೇರೆ. ಥೇಟ್ ಇಸ್ರೇಲ್ ಬಾವುಟದಲ್ಲಿರುವ ಯಹೂದಿಗಳ ಗುರುತು, ದಾವೀದನ ನಕ್ಷತ್ರ.

"ಏನಪ್ಪಾ, ಇಸ್ರೇಲಿನವರು ನಿಮ್ಮನೇಲಿ ಕಚೇರಿ ತೆಗೆದರಾ?" ಅಂತ ರಾಯರು ಕಾಲೆಳೆದರು.

"ಅಯ್ಯೋ ರಾಯರೇ, ನಾನು ಹೇಳಿದ್ದು ಐದು ಮೂಲೆಯ ನಕ್ಷತ್ರ. ವೆಲ್ಡಿಂಗ್‌ನವನು, 'ಐದಾದರೆ ಕೋನ ಕೂಡಿಸೋಕೆ ಒದ್ದಾಡಬೇಕು ಸಾರ್. ಆರಾದರೆ ಒಂದೇ ಅಳತೆಯ ಆರು ಸರಳು ಕಟ್ ಮಾಡಿ ಜೋಡಿಸಿಬಿಡ್ತೀನಿ' ಅಂದ. ರೇಟೂ ಕಮ್ಮಿ."

ನಗಬೇಡಿ. ಈ ಚಿಹ್ನೆಯ ಅರ್ಧ ಇತಿಹಾಸವನ್ನು ಆ ವೆಲ್ಡಿಂಗ್‌ನವನು ಒಂದೇ ಮಾತಲ್ಲಿ ಹೇಳಿಬಿಟ್ಟಿದ್ದಾನೆ. ಕೈವಾರದಲ್ಲಿ ಒಂದು ವೃತ್ತ ಎಳೆಯಿರಿ. ಕೈವಾರದ ಅಗಲ ಬದಲಿಸದೆ ಅದೇ ಅಳತೆಯಲ್ಲಿ ಅಂಚಿನುದ್ದಕ್ಕೂ ಗುರುತು ಹಾಕುತ್ತಾ ಹೋಗಿ. ಆರನೇ ಹೆಜ್ಜೆಗೆ ಸರಿಯಾಗಿ ಹೊರಟಲ್ಲಿಗೇ ಬರುತ್ತೀರಿ. ಒಂದು ಬಿಟ್ಟು ಒಂದು ಗುರುತು ಸೇರಿಸಿದರೆ ಒಂದು ತ್ರಿಕೋನ, ಉಳಿದವನ್ನು ಸೇರಿಸಿದರೆ ಇನ್ನೊಂದು. ಲೆಕ್ಕ ಬೇಡ, ಕೋನಮಾಪಕ ಬೇಡ. ಹೀಗಿರುವಾಗ ಊರೂರಿನ ಬಡಗಿ, ಕಲ್ಲುಕುಟಿಗ, ಕಮ್ಮಾರರು ಯಾರನ್ನೂ ಕೇಳದೆ ಇದನ್ನು ಕಂಡುಕೊಂಡಿದ್ದರೆ ಅದರಲ್ಲೇನು ಸೋಜಿಗ?

"ಕೈವಾರನೂ ಬೇಡ ಕಣ್ರೋ" ಅಂದರು ಗಿರಿಜಕ್ಕ. ಅವರು ನಿವೃತ್ತ ಇತಿಹಾಸ ಮೇಡಂ. ಸಕ್ಕರೆ ಪೊಟ್ಟಣ ಹರಿದು ಮೇಜಿನ ಮೇಲೆ ಚುಕ್ಕಿ ಇಟ್ಟರು. ಮೊದಲ ಸಾಲಿಗೆ ಒಂದು, ಆಮೇಲೆ ನಾಲ್ಕು, ಮೂರು, ನಾಲ್ಕು, ಕೊನೆಗೆ ಒಂದು. ಒಟ್ಟು 13, ಅದೇ ಆರು ಮೂಲೆಯ ಆಕಾರ. "ಈಗ ಅಮೆರಿಕದ ಒಂದು ಡಾಲರ್ ನೋಟು ತಿರುವಿ ನೋಡಿ. ಹದ್ದಿನ ತಲೆ ಮೇಲೆ 13 ಪುಟ್ಟ ನಕ್ಷತ್ರ ಇವೆ, ಮೊದಲ 13 ರಾಜ್ಯಗಳ ಲೆಕ್ಕಕ್ಕೆ. ಜೋಡಿಸಿರೋದು ಇದೇ ಚುಕ್ಕಿ ಸಾಲಿನಲ್ಲಿ."

ಮೇಜು ಒರೆಸುವ ಹುಡುಗ ಬಂದು ಅಮೆರಿಕವನ್ನು ಒಂದೇ ಏಟಿಗೆ ಗುಡಿಸಿಕೊಂಡು ಹೋದ.

ರಾಯರಿಗೆ ಅಷ್ಟೇ ಸಾಕಾಯಿತು. "ನೋಡಿದ್ರಾ? ಚುಕ್ಕಿ ರಂಗೋಲಿ ನಮ್ಮದು. ಷಟ್ಕೋನ ನಮ್ಮದು. ಮೇಲ್ಮುಖ ಶಿವ, ಕೆಳಮುಖ ಶಕ್ತಿ. ಸುಬ್ರಹ್ಮಣ್ಯನ ಯಂತ್ರದಲ್ಲೂ ಅದೇ. ಎಲ್ಲಾ ಇಲ್ಲಿಂದಲೇ ಹೋಗಿದ್ದು!" ರಾಯರ ಪ್ರಕಾರ ಪಿಜ್ಜಾ ಕೂಡ ಉತ್ತಪ್ಪದ ವಂಶಸ್ಥ. ಅವರ ಜತೆ ವಾದಿಸಿ ಗೆದ್ದವರಿಲ್ಲ.

ಗಿರಿಜಕ್ಕ ವಾದಿಸಲಿಲ್ಲ, ಪಟ್ಟಿ ಕೊಟ್ಟರು. ಗಲಿಲೀ ಸರೋವರದ ದಡದಲ್ಲಿ ಕಪೆರ್ನೌಮ್ ಅಂತ ಒಂದು ಊರು. ಅಲ್ಲಿನ ಹಳೆಯ ಸಿನಗಾಗ್‌ನ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದ, ಕಲ್ಲಿನ ಕೆತ್ತನೆಯಲ್ಲಿ ಆರು ಮೂಲೆಯ ನಕ್ಷತ್ರವಿದೆ. ಅದರ ಜತೆಗೇ ಐದು ಮೂಲೆಯದೂ ಇದೆ, ಸ್ವಸ್ತಿಕವೂ ಇದೆ. ಯಾವುದಕ್ಕೂ ಧರ್ಮದ ಹೊರೆ ಇರಲಿಲ್ಲ, ಎಲ್ಲವೂ ಬರೀ ಅಲಂಕಾರ. ದೆಹಲಿಯ ಹುಮಾಯೂನ್ ಸಮಾಧಿಗೆ ಹೋದರೆ ಕೆಂಪು ಕಲ್ಲಿನ ಕಮಾನುಗಳ ಮೇಲೆ ಬಿಳಿ ಅಮೃತಶಿಲೆಯ ಆರು ಮೂಲೆ ನಕ್ಷತ್ರಗಳು ಎದ್ದು ಕಾಣುತ್ತವೆ. ಮುಸ್ಲಿಂ ನಾಡುಗಳಲ್ಲಿ ಇದಕ್ಕೆ ಸುಲೈಮಾನನ ಮುದ್ರೆ ಅಂತಲೇ ಹೆಸರು. ಕೈರೋದಲ್ಲಿ 1008ರ ಸುಮಾರಿಗೆ ಬರೆದ ಹೀಬ್ರೂ ಬೈಬಲ್ ಒಂದರಲ್ಲಿ ಇಡೀ ಪುಟಕ್ಕೆ ಈ ನಕ್ಷತ್ರ, ಅದರ ಗೆರೆಗಳಲ್ಲಿ ಸಾಲು ಸಾಲು ಅಕ್ಷರ.

"ಜರ್ಮನಿಯಲ್ಲಿ ಇದು ಬಿಯರ್ ಅಂಗಡಿ ಬೋರ್ಡು" ಅಂತ ನಾನೂ ಒಂದು ಸೇರಿಸಿದೆ.

ಸೀನ ಕುರ್ಚಿ ಮುಂದಕ್ಕೆಳೆದುಕೊಂಡ. "ಅದನ್ನ ಮೊದಲು ಹೇಳಬಾರದಾ?"

ಜರ್ಮನಿಯ ಬವೇರಿಯಾ ಪ್ರಾಂತ್ಯದ ಕೆಲವು ಊರುಗಳಲ್ಲಿ ಊರಿಗೊಂದು ಬಿಯರ್ ಕಾಯಿಸುವ ಮನೆ ಇರುತ್ತದೆ, ಎಲ್ಲರಿಗೂ ಸೇರಿದ್ದು. ಸರದಿ ಬಂದವರು ಅಲ್ಲಿ ಕಾಯಿಸಿ, ಮನೆಗೆ ತಂದು ಹುದುಗಿಸಿ, ಮಾರಾಟಕ್ಕೆ ಸಿದ್ಧವಾದಾಗ ಬಾಗಿಲ ಮೇಲೆ ಕೋಲಿಗೆ ಆರು ಮೂಲೆಯ ನಕ್ಷತ್ರ ನೇತುಹಾಕುತ್ತಾರೆ. ಅದಕ್ಕೆ ತ್ಸೊಯ್ಗಲ್ ಅನ್ನುತ್ತಾರೆ. ಇವತ್ತಿಗೂ ನಡೆಯುತ್ತಿದೆ. ನ್ಯೂರೆಂಬರ್ಗ್‌ನ 1425ರ ಸುಮಾರಿನ ಚಿತ್ರವೊಂದರಲ್ಲೂ ಬಿಯರ್ ಕಾಯಿಸುವವನ ತಲೆ ಮೇಲೆ ಇದೇ ನಕ್ಷತ್ರ.

"ಹಾಗಾದರೆ ನನ್ನ ಗೇಟಿಗೆ ಶನಿವಾರ ಸಂಜೆ ಜನ ಬರಬಹುದು ಅನ್ನು!"

"ಬರ್ತಾರೆ, ನಿನ್ನ ಹೆಂಡತಿ ಬಾಗಿಲು ತೆಗೀತಾಳೆ" ಅಂದರು ಗಿರಿಜಕ್ಕ. ಆ ವಿಷಯ ಅಲ್ಲಿಗೆ ಮುಗಿಯಿತು.

ಹಾಗಾದರೆ ಇದು ಯಹೂದಿಗಳ ಗುರುತಾದದ್ದು ಯಾವಾಗ? ದಾವೀದ ರಾಜನ ಕಾಲದಲ್ಲಂತೂ ಅಲ್ಲ. ಬೈಬಲಿನಲ್ಲಿ ಇದರ ಸುದ್ದಿಯೇ ಇಲ್ಲ. ಅವರ ಹಳೆಯ ಗುರುತು ಏಳು ಕವಲಿನ ದೀಪಸ್ತಂಭ, ಮೆನೋರಾ. ರೋಮಿನ ಟೈಟಸ್ ಕಮಾನಿನಲ್ಲಿ ಸೈನಿಕರು ಜೆರುಸಲೇಮಿನಿಂದ ಹೊತ್ತೊಯ್ಯುತ್ತಿರುವುದು ಅದನ್ನೇ. ನಕ್ಷತ್ರದ ಕಥೆ ಶುರುವಾಗುವುದು ಪ್ರಾಗ್‌ನಲ್ಲಿ. ಆ ಸೀಮೆಯ ದೊರೆ ನಾಲ್ಕನೇ ಚಾರ್ಲ್ಸ್ 1354ರಲ್ಲಿ ಊರಿನ ಯಹೂದಿಗಳಿಗೆ ತಮ್ಮದೇ ಬಾವುಟ ಹಿಡಿಯಲು ಬಿಟ್ಟ ಅನ್ನುತ್ತಾರೆ. ಬಾವುಟದ ಮೇಲೆ ಇದು ಕೂತಿತು. ವಿಯೆನ್ನಾದಲ್ಲಿ 1656ರ ಒಂದು ಗಡಿಕಲ್ಲಿತ್ತು. ಕ್ರೈಸ್ತರ ಕೇರಿಯನ್ನೂ ಯಹೂದಿಗಳ ಕೇರಿಯನ್ನೂ ಬೇರೆ ಮಾಡುತ್ತಿದ್ದ ಆ ಕಲ್ಲಿನ ಮೇಲೆ ಶಿಲುಬೆಯೂ ಇತ್ತು, ಈ ನಕ್ಷತ್ರವೂ ಇತ್ತು. ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು ಈ ಕಲ್ಲೇ. ಶಿಲುಬೆಗೆ ಎದುರಾಗಿ ನಿಲ್ಲಿಸಲು ಒಂದು ಸರಳ ಗುರುತು ಬೇಕಿತ್ತು, ಇದು ಸಿಕ್ಕಿತು. 19ನೇ ಶತಮಾನಕ್ಕೆ ಯುರೋಪಿನ ಸಿನಗಾಗ್‌ಗಳ ಮೇಲೆಲ್ಲ ಹತ್ತಿತು.

"ಯಹೂದಿಗಳಿಗೆ ತಮ್ಮದೇ ದೇಶ ಬೇಕು ಅಂತ ಚಳವಳಿ ಕಟ್ಟಿದ ಹರ್ಟ್ಸಲ್ ಮಾತ್ರ 1896ರಲ್ಲಿ ಬೇರೆ ಬಾವುಟ ಕನಸಿದ್ದ" ಅಂದರು ಗಿರಿಜಕ್ಕ. "ಬಿಳಿ ಬಟ್ಟೆ, ಮೇಲೆ ಏಳು ಚಿನ್ನದ ನಕ್ಷತ್ರ. ದಿನಕ್ಕೆ ಏಳೇ ಗಂಟೆ ಕೆಲಸ ಅನ್ನೋದಕ್ಕೆ ಗುರುತು."

ಐಟಿಯಲ್ಲಿರುವ ಸೀನ ನಿಟ್ಟುಸಿರು ಬಿಟ್ಟ. "ನಮ್ಮ ಕಂಪನಿ ಬಾವುಟದಲ್ಲಿ ನಕ್ಷತ್ರ ಹಾಕೋಕೆ ಬಟ್ಟೆ ಸಾಲಲ್ಲ."

ಹರ್ಟ್ಸಲ್‌ನ ಆ ಬಾವುಟ ಜನಕ್ಕೆ ರುಚಿಸಲಿಲ್ಲ. ಪ್ರಾರ್ಥನೆಯ ಹೊತ್ತಿಗೆ ಹೊದೆಯುವ ಪಟ್ಟೆ ಶಾಲೇ ನಮ್ಮ ಬಾವುಟ ಅಂದವನು ಹರ್ಟ್ಸಲ್‌ನ ಜತೆಗಾರ ಡೇವಿಡ್ ವೋಲ್ಫ್‌ಸನ್. 1897ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನಡೆದ ಆ ಚಳವಳಿಯ ಸಮಾವೇಶಕ್ಕೆ ನೀಲಿ ಪಟ್ಟೆ, ನಡುವೆ ನಕ್ಷತ್ರ ಹಾರಿತು.

1941ರ ಸೆಪ್ಟೆಂಬರ್‌ಗೆ ಬಂದಾಗ ನಮ್ಮ ತಮಾಷೆ ನಿಂತಿತು. ಜರ್ಮನಿಯಲ್ಲಿ ಆರು ವರ್ಷ ದಾಟಿದ ಪ್ರತಿ ಯಹೂದಿಯೂ ಇದೇ ನಕ್ಷತ್ರವನ್ನು ಹಳದಿ ಬಟ್ಟೆಯಲ್ಲಿ ಎದೆಗೆ ಹೊಲಿದುಕೊಂಡೇ ಬೀದಿಗಿಳಿಯಬೇಕು ಅಂತ ಆಜ್ಞೆಯಾಯಿತು. ಕಪೆರ್ನೌಮಿನ ಕಲ್ಲಿನಲ್ಲಿ ಇದರ ಜತೆಗಿದ್ದ ಸ್ವಸ್ತಿಕ ಆಗ ಹೊಲಿಸಿದ ನಾಜಿಗಳ ತೋಳಪಟ್ಟಿಯ ಮೇಲಿತ್ತು. ರಾಯರು ಕೂಡ "ನಮ್ಮದು" ಅನ್ನಲಿಲ್ಲ.

ಸೀನನೇ ಮೌನ ಮುರಿದ. "ಆಮೇಲೆ ಇಸ್ರೇಲ್ ದೇಶ ಆದಾಗ ಸೀದಾ ಅದೇ ಬಾವುಟ ಹಾರಿಸಿದರಾ?"

"ಎಲ್ಲಿ! 1948ರಲ್ಲಿ ಸರಕಾರಕ್ಕೆ ಅಳುಕು. ಎಲ್ಲಾ ಕಡೆಯ ಯಹೂದಿಗಳು ಹಿಡಿದಿದ್ದ ಚಳವಳಿಯ ಬಾವುಟವೇ ಒಂದು ದೇಶದ ಬಾವುಟವೂ ಆದರೆ, ಬೇರೆ ದೇಶಗಳಲ್ಲಿರೋ ಯಹೂದಿಗಳ ನಿಷ್ಠೆ ಬಗ್ಗೆ ಯಾರಾದರೂ ಕೊಂಕು ತೆಗೆದರೆ ಅಂತ. ಹೊಸ ವಿನ್ಯಾಸ ಕಳಿಸಿ ಅಂತ ಜನರನ್ನ ಕೇಳಿದರು. ರಾಶಿ ಬಂತು. ಎಲ್ಲಾ ನೋಡಿ, ಚರ್ಚೆ ಮಾಡಿ, ಅಕ್ಟೋಬರ್ 28ಕ್ಕೆ ಮೊದಲಿನದನ್ನೇ ಒಪ್ಪಿದರು."

ರಾಯರಿಗೆ ಜೀವ ಬಂತು. "ಟೆಂಡರ್ ಕರೆದು, ಕಮಿಟಿ ಕೂರಿಸಿ, ಹಳೇದನ್ನೇ ಪಾಸ್ ಮಾಡೋದಾ? ಗಿರಿಜಮ್ಮ, ಈ ಪದ್ಧತಿ ಮಾತ್ರ ಖಂಡಿತ ಇಲ್ಲಿಂದಲೇ ಹೋಗಿದ್ದು!"