ತೋಟದಲ್ಲಿ ಸಿಕ್ಕಿದ ಕಾಡುಗೆಣಸು ತಿನ್ನಬಹುದಾ?

ಸಿಲ್ವರ್ ಓಕ್:
ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ಕಾಫಿ ತೋಟ. ನಿನ್ನೆ ರಾತ್ರಿ ಹಂದಿ ಬಂದು ಹಳ್ಳದ ಪಕ್ಕ ಅಗೆದು ಹಾಕಿದೆ, ಬೆಳಿಗ್ಗೆ ಹೋಗಿ ನೋಡಿದರೆ ಮೊಳದುದ್ದದ ಗೆಡ್ಡೆಯೊಂದು ಅರ್ಧ ಹೊರಗೆ ಬಿದ್ದಿತ್ತು. ಮೈಯೆಲ್ಲ ಬೇರು, ಒಳಗೆ ಬಿಳಿ, ಬಳ್ಳಿಯ ಬುಡದಲ್ಲಿ ಮುಳ್ಳು. ಮುಂದಿನ ವಾರ ನಮ್ಮ ಸುಗ್ಗಿ ಹಬ್ಬ ಹುತ್ತರಿ ಅಲ್ವಾ, ಇದನ್ನೇ ಬೇಯಿಸೋಣ, ಹಂದಿ ತಿಂದ ಮೇಲೆ ನಮಗೇನು ಅಂತ ತಮ್ಮನ ವಾದ. ಅಜ್ಜಿ ಇದ್ದಿದ್ದರೆ ಒಂದೇ ಮಾತಲ್ಲಿ ಹೇಳುತ್ತಿದ್ದರು. ಯಾರಿಗಾದರೂ ಗೊತ್ತಾ?

ಗೋಣಿಕೊಪ್ಪದ ಅಕ್ಕ:
ಹುತ್ತರಿಗೆ ಬೇಯಿಸುವ ಗೆಣಸು ಇದಲ್ಲಪ್ಪ. ಅದು ಮನೆ ಹಿಂದೆ ನೆಟ್ಟು ಮರಕ್ಕೆ ಹಬ್ಬಿಸುವಂಥದ್ದು, ಬಳ್ಳಿಗೆ ನಾಲ್ಕು ಅಂಚು ಇರುತ್ತದೆ, ಮುಟ್ಟಿದರೇ ಗೊತ್ತಾಗುತ್ತದೆ. ಒಳಗೆ ಬಿಳಿ ಇರುತ್ತದೆ, ನೇರಳೆಯೂ ಇರುತ್ತದೆ. ನಮ್ಮಲ್ಲಿ ಸಿಪ್ಪೆ ಸಮೇತ ಬೇಯಿಸಿ, ಆಮೇಲೆ ಸುಲಿದು, ಬಿಸಿ ಇರುವಾಗಲೇ ತುಪ್ಪ ಮತ್ತು ಜೇನು ಹಾಕಿಕೊಂಡು ತಿನ್ನುವುದು. ಜೇನಿಲ್ಲದಿದ್ದರೆ ಬೆಲ್ಲದ ಪಾಕ. ತಂಬಿಟ್ಟಿಗಿಂತ ನನಗೆ ಇದೇ ಇಷ್ಟ, ಅತ್ತೆಗೆ ಹೇಳಬೇಡಿ!

ಎಲೆ ಎಣಿಸುವವ:
ಹಂದಿ ತಿಂದಿತು ಅಂತ ನಾವು ತಿನ್ನುವ ಹಾಗಿಲ್ಲ. ಮೊದಲು ಎಲೆ ನೋಡಿ. ಒಂದು ತೊಟ್ಟಿಗೆ ಐದು ಎಲೆ ಇದ್ದರೆ ನೂರೆ ಗೆಣಸು ಇರಬಹುದು, ಅದನ್ನು ಬೇಯಿಸಿ ತಿನ್ನುತ್ತಾರೆ. ಆದರೆ ಮೂರೇ ಎಲೆ ಇರುವ ಇನ್ನೊಂದು ಜಾತಿ ಇದೆ, ಅದಕ್ಕೂ ಮುಳ್ಳು, ಅದು ವಿಷ. ಅದರಲ್ಲಿ ಡಯೋಸ್ಕೊರಿನ್ ಅಂತ ಒಂದು ಅಂಶ ಇದೆ, ನೇರ ನರಗಳಿಗೇ ಹೊಡೆತ, ಫಿಟ್ಸ್ ಬರುವ ಮಟ್ಟಕ್ಕೂ ಹೋಗಬಹುದು. ಅದನ್ನೂ ತೆಳ್ಳಗೆ ಹೆಚ್ಚಿ, ದಿನಗಟ್ಟಲೆ ಹರಿಯುವ ನೀರಲ್ಲಿಟ್ಟು ತಿನ್ನುವ ಜನ ಇದ್ದಾರೆ, ಅದು ಅವರು ತಲೆಮಾರುಗಳಿಂದ ಕಲಿತ ವಿದ್ಯೆ, ನಾವು ನೀವು ಪ್ರಯೋಗ ಮಾಡುವುದಲ್ಲ. ತೊಂದರೆ ಏನಂದರೆ ನೂರೆಯಲ್ಲೂ ಒಮ್ಮೊಮ್ಮೆ ಮೂರು ಎಲೆ ಬರುತ್ತದೆ. ಬಳ್ಳಿ ಮರಕ್ಕೆ ಸುತ್ತುವ ದಿಕ್ಕು ನೋಡಿದರೂ ಇವೆರಡು ಒಂದೇ, ಹುತ್ತರಿ ಗೆಣಸು ಮಾತ್ರ ಉಲ್ಟಾ ಸುತ್ತುತ್ತದೆ. ಹಾಗಾಗಿ ಅನುಮಾನ ಇದ್ದರೆ ಬಿಟ್ಟುಬಿಡಿ.

ತಿತಿಮತಿ:
ನಾವು ಜೇನು ಕುರುಬರು. ನಮ್ಮಪ್ಪ ಎಲೆ ಎಣಿಸಿದ್ದನ್ನು ನಾನು ನೋಡಿಲ್ಲ, ಒಣಗಿದ ಬಳ್ಳಿ ಹಿಡಿದೇ ಹೇಳುತ್ತಿದ್ದರು 😄 ಮಳೆ ಮುಗಿದು ಎಲೆ ಉದುರಿದ ಮೇಲೆ ಅಗೆದರೆ ಗೆಡ್ಡೆ ಬಲಿತಿರುತ್ತದೆ, ಅದಕ್ಕೇ ಬಳ್ಳಿ ಗುರುತು ಬೇಕು. ಕೆಂಡದಲ್ಲಿ ಸುಟ್ಟು ಜೇನಲ್ಲಿ ಅದ್ದಿ ತಿಂದರೆ ಊಟವೇ ಬೇಡ. ಇನ್ನೊಂದು ಮಾತು, ಪೂರ್ತಿ ಕಿತ್ತುಬಿಡಬೇಡಿ. ಬಳ್ಳಿ ಅಂಟಿಕೊಂಡ ತಲೆಯನ್ನು ಕೊಯ್ದು ಅದೇ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು, ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಕಾಡಿನಿಂದ ಹೊರಗೆ ಬಂದ ಮೇಲೆ ನಮ್ಮ ಹುಡುಗರಿಗೇ ಇದು ಮರೆತುಹೋಗುತ್ತಿದೆ. ನಿಮ್ಮ ತೋಟಕ್ಕೆ ಕೆಲಸಕ್ಕೆ ಬರುವವರಲ್ಲಿ ಕುರುಬರೋ ಯರವರೋ ಇದ್ದರೆ ವಯಸ್ಸಾದವರನ್ನು ಕೇಳಿ, ಫೋಟೋ ನೋಡಿ ನಾನು ಹೇಳಲ್ಲ.

ಸಿಲ್ವರ್ ಓಕ್:
ಈಗ ಹೋಗಿ ನೋಡಿದೆ. ಎಲೆ ಮುಕ್ಕಾಲು ಉದುರಿದೆ, ಸಿಕ್ಕಿದ್ದರಲ್ಲೆಲ್ಲ ಮೂರು ಮೂರೇ. ತೋಟದ ಕೆಲಸದವರ ಲೈನ್ ಮನೆಯ ಯರವ ಅಜ್ಜಿಗೆ ತೋರಿಸಿದೆ, ಅವರು ಗೆಡ್ಡೆ ಕೈಗೂ ತೆಗೆದುಕೊಳ್ಳಲಿಲ್ಲ, ದೂರದಿಂದಲೇ ತಲೆ ಅಲ್ಲಾಡಿಸಿದರು. ಗುಂಡಿ ಮುಚ್ಚಿ ಬಂದೆ. ಹಬ್ಬದ ಗೆಣಸು ತರಲು ತಮ್ಮನನ್ನೇ ಸಂತೆಗೆ ಕಳಿಸಿದ್ದೇನೆ. ಅಕ್ಕಾ, ಎಷ್ಟು ಹೊತ್ತು ಬೇಯಿಸಬೇಕು?

ಗೋಣಿಕೊಪ್ಪದ ಅಕ್ಕ:
ಗಡಿಯಾರ ನೋಡಬೇಡಪ್ಪ. ಚಾಕು ಹಾಕಿದರೆ ತಡೆಯದೆ ಒಳಗೆ ಹೋಗಬೇಕು. ಹಸಿ ಗೆಣಸು ಸುಲಿಯಲು ಹೋಗಬೇಡಿ, ಕೈಯೆಲ್ಲ ತುರಿಕೆ ಬರುತ್ತದೆ.