ಪದಚರ್ಚೆ: ನಗರದ ಪೊಲೀಸ್ ಕೆಲಸ ಷೆರಿಫ್‌ಗೆ – ‘ವಶ’ವೋ, ‘ವಿಲೀನ’ವೋ, ‘ಗುತ್ತಿಗೆ’ಯೋ, ‘ವಹಿಸುವುದೋ’?

ಮಾನ್ಯರೆ,

ಅಮೆರಿಕದ ಸಣ್ಣ ನಗರವೊಂದು ತನ್ನ ಪೊಲೀಸ್ ಇಲಾಖೆಯನ್ನು ಮುಚ್ಚಿ ಆ ಕೆಲಸವನ್ನು ಕೌಂಟಿಯ (ರಾಜ್ಯದೊಳಗಿನ, ಹಲವು ಊರುಗಳುಳ್ಳ ಆಡಳಿತ ವಿಭಾಗದ) ಷೆರಿಫ್ ಕಚೇರಿಗೆ ಬಿಟ್ಟುಕೊಡುವುದು ಸರಿಯೇ ಎಂಬ ಚರ್ಚೆ ಅಲ್ಲಿ ಹಳೆಯದು, ಇನ್ನೂ ಮುಗಿಯದದ್ದು. ಕ್ಯಾಲಿಫೋರ್ನಿಯದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ, ಅದರಲ್ಲೂ ಊರಿನಿಂದ ಬಂದು ಮಕ್ಕಳ ಮನೆಯಲ್ಲಿರುವ ಹಿರಿಯರಿಗಾಗಿ, ಈ ವಿಷಯವನ್ನು ಕುರಿತು ಒಂದು ಬರಹವನ್ನು ಸಿದ್ಧಪಡಿಸುತ್ತಿದ್ದೇನೆ. ಯಾವ ಕ್ರಿಯಾಪದವನ್ನು ಆರಿಸಿಕೊಂಡರೂ ಅದು ಚರ್ಚೆಯ ಯಾವುದೋ ಒಂದು ಪಕ್ಷಕ್ಕೆ ವಾಲಿಬಿಡುತ್ತದೆ. ಆದ್ದರಿಂದ ನನ್ನ ಆಯ್ಕೆಗಳನ್ನೂ ಅವುಗಳ ಕಾರಣಗಳನ್ನೂ ತಮ್ಮ ಮುಂದಿಡುತ್ತಿದ್ದೇನೆ.

ಮೊದಲು ‘ಷೆರಿಫ್’. ಈ ಪದವನ್ನು ಹಾಗೆಯೇ ಉಳಿಸಿಕೊಳ್ಳುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ವಿವರಣೆಯಿಲ್ಲದೆ ಉಳಿಸಿಕೊಳ್ಳುವಂತಿಲ್ಲ. ಮುಂಬಯಿ, ಕಲ್ಕತ್ತ ಮತ್ತು ಮದರಾಸುಗಳಲ್ಲಿ ಬ್ರಿಟಿಷರ ಕಾಲದಿಂದ ನಡೆದುಬಂದ ಷೆರಿಫ್ ಹುದ್ದೆ ಕೊನೆಕೊನೆಗೆ ಊರಿನ ಗಣ್ಯರೊಬ್ಬರಿಗೆ ಸಲ್ಲುವ ಗೌರವದ ಪದವಿಯಾಗಿ ಮಾತ್ರ ಉಳಿಯಿತು. ಅತಿಥಿಗಳನ್ನು ಬರಮಾಡಿಕೊಳ್ಳುವುದು, ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವುದು ಅದರ ಲಕ್ಷಣವಾಗಿತ್ತು. ಹಳೆಯ ಪತ್ರಿಕೆಗಳನ್ನು ಓದಿ ಬೆಳೆದ ಹಿರಿಯರಿಗೆ ಷೆರಿಫ್ ಎಂದರೆ ಆ ಗೌರವಾನ್ವಿತರೇ ಕಣ್ಣ ಮುಂದೆ ಬರುತ್ತಾರೆ. ಅಮೆರಿಕದ ಷೆರಿಫ್ ಅಂಥವರಲ್ಲ. ಬಹುಪಾಲು ರಾಜ್ಯಗಳಲ್ಲಿ ಅವರು ಕೌಂಟಿಯ ಮತದಾರರಿಂದ ನೇರವಾಗಿ ಆಯ್ಕೆಯಾಗುತ್ತಾರೆ. ಯಾವ ನಗರಕ್ಕೂ ಸೇರದ ಪ್ರದೇಶದಲ್ಲಿ ಗಸ್ತು ನಡೆಸುತ್ತಾರೆ. ಬಹಳಷ್ಟು ಕಡೆ ಕೌಂಟಿಯ ಜೈಲನ್ನೂ ನೋಡಿಕೊಳ್ಳುತ್ತಾರೆ. ನ್ಯಾಯಾಲಯಕ್ಕೆ ಕಾವಲು ಒದಗಿಸುತ್ತಾರೆ, ಅದರ ನೋಟಿಸು ಜಾರಿ ಮಾಡುತ್ತಾರೆ, ತೀರ್ಪಾದ ಮೇಲೆ ಬಾಡಿಗೆದಾರರನ್ನು ಮನೆಯಿಂದ ತೆರವು ಮಾಡಿಸುತ್ತಾರೆ. ನಮ್ಮ ಕಡೆಯ ಜಿಲ್ಲಾ ಎಸ್‌ಪಿ, ಜೈಲಿನ ಸೂಪರಿಂಟೆಂಡೆಂಟ್ ಮತ್ತು ಕೋರ್ಟಿನ ಅಮೀನ, ಈ ಮೂವರ ಕೆಲಸವನ್ನು ಒಬ್ಬರೇ ಮಾಡುತ್ತ, ಅದಕ್ಕಾಗಿ ಚುನಾವಣೆಗೂ ನಿಲ್ಲುತ್ತಾರೆ ಎಂದರೆ ಹಿರಿಯರಿಗೆ ಥಟ್ಟನೆ ಅರ್ಥವಾಗುತ್ತದೆ. ಇದು ದೇಶಕ್ಕೆಲ್ಲ ಒಂದೇ ಎಂದು ಬರೆಯುವಂತೆಯೂ ಇಲ್ಲ: ಕನೆಕ್ಟಿಕಟ್ ರಾಜ್ಯದ ಮತದಾರರು 2000ದಲ್ಲಿ ಕೌಂಟಿ ಷೆರಿಫ್ ಹುದ್ದೆಯನ್ನೇ ತೆಗೆದುಹಾಕಿದರು. ನ್ಯೂಜೆರ್ಸಿಯ ಕ್ಯಾಮ್ಡೆನ್ ನಗರ 2013ರಲ್ಲಿ ತನ್ನ ಪೊಲೀಸ್ ಇಲಾಖೆಯನ್ನು ಮುಚ್ಚಿದಾಗ ಆ ಕೆಲಸ ಷೆರಿಫ್ ಕಚೇರಿಗೆ ಹೋಗಲಿಲ್ಲ, ಹೊಸದಾಗಿ ಕಟ್ಟಿದ ಕೌಂಟಿ ಪೊಲೀಸ್ ಇಲಾಖೆಗೆ ಹೋಯಿತು. ಈ ಪ್ರಕರಣವನ್ನು ಷೆರಿಫ್ ಉದಾಹರಣೆಯೆಂದು ಕೊಡುವುದು ತಪ್ಪಾಗುತ್ತದೆ.

ಷೆರಿಫ್ ಕೈಕೆಳಗಿನ ಸಾಮಾನ್ಯ ಸಿಬ್ಬಂದಿಗೆ ಅಲ್ಲಿ ‘ಡೆಪ್ಯುಟಿ’ ಎನ್ನುತ್ತಾರೆ. ಇದನ್ನು ‘ಉಪ ಷೆರಿಫ್’ ಎಂದು ಕನ್ನಡಿಸಿದರೆ, ಕಾರಿನಲ್ಲಿ ಗಸ್ತು ತಿರುಗುವ ಎಳೆಯ ಹುಡುಗನನ್ನು ಇಲಾಖೆಯ ಎರಡನೆಯ ಸ್ಥಾನದಲ್ಲಿ ಕೂರಿಸಿದಂತಾಗುತ್ತದೆ. ‘ಷೆರಿಫ್ ಸಿಬ್ಬಂದಿ’ ಎಂದರೆ ಸಾಕು.

‘ಕೌಂಟಿ’ಯನ್ನು ‘ಜಿಲ್ಲೆ’ ಮಾಡುವುದು ಬೇಡವೆಂದು ನನ್ನ ಅಭಿಪ್ರಾಯ. ಜಿಲ್ಲೆ ಎಂದೊಡನೆ ಜಿಲ್ಲಾಧಿಕಾರಿ, ಉಸ್ತುವಾರಿ ಸಚಿವ, ಸರ್ಕಾರ ನೇಮಿಸಿ ಸರ್ಕಾರವೇ ಎತ್ತಂಗಡಿ ಮಾಡುವ ಎಸ್‌ಪಿ, ಇವೆಲ್ಲ ಒಟ್ಟಿಗೆ ಬರುತ್ತವೆ. ಕ್ರಿಕೆಟ್ ಪುಟವನ್ನು ಓದುವವರಿಗೆ ‘ಕೌಂಟಿ’ ಹೊಸ ಪದವೂ ಅಲ್ಲ. ನಿಜವಾದ ತೊಡಕು ಇರುವುದು ‘ನಗರ’ದಲ್ಲಿ. ಮಿನ್ನೆಸೋಟ ರಾಜ್ಯದ ಗುಡ್‌ಹ್ಯೂ ಎಂಬುದು ಕಾನೂನಿನ ಪ್ರಕಾರ ನಗರ. ಅಲ್ಲಿನ ಜನಸಂಖ್ಯೆ ಸುಮಾರು 1,300. ನಮ್ಮಲ್ಲಿ ಪಟ್ಟಣ ಪಂಚಾಯಿತಿ ಆಗಬೇಕಾದರೂ 10,000 ಜನರಿರಬೇಕು, ನಗರಸಭೆಗೆ 50,000 ದಾಟಬೇಕು. ಆದರೂ ಆ 1,300 ಜನರ ಊರಿಗೆ ತನ್ನದೇ ಪೊಲೀಸರನ್ನು ನೇಮಿಸಿ ಸಂಬಳ ಕೊಡುವ ಅಧಿಕಾರವಿದೆ. ಬೆಂಗಳೂರಿನ ನಗರಾಡಳಿತಕ್ಕೆ ಒಬ್ಬ ಕಾನ್‌ಸ್ಟೆಬಲ್‌ನನ್ನು ನೇಮಿಸುವ ಅಧಿಕಾರವೂ ಇಲ್ಲ, ಏಕೆಂದರೆ ನಮ್ಮ ಸಂವಿಧಾನದಲ್ಲಿ ಪೊಲೀಸ್ ರಾಜ್ಯಪಟ್ಟಿಯ ವಿಷಯ. ‘ನಗರ ಪೊಲೀಸ್’ ಎಂದು ಬರೆದರೆ ನಮ್ಮ ಓದುಗ ಪೊಲೀಸ್ ಕಮಿಷನರೇಟನ್ನು ನೆನೆಯುತ್ತಾನೆ, ಅದು ರಾಜ್ಯ ಸರ್ಕಾರದ್ದು. ಹಾಗಾಗಿ ಬರಹದಲ್ಲಿ ‘ನಗರಾಡಳಿತದ ಸ್ವಂತ ಪೊಲೀಸ್’ ಎಂದು ಬಿಡಿಸಿ ಬರೆಯುತ್ತಿದ್ದೇನೆ. ಉದ್ದವಾಯಿತು, ನಿಜ, ಆದರೆ ‘ಸ್ವಂತ’ ಎಂಬ ಪದ ಇಲ್ಲದೆ ಇಡೀ ಚರ್ಚೆ ಏಕೆ ಹುಟ್ಟುತ್ತದೆಂಬುದೇ ತಿಳಿಯದು.

ಇನ್ನು ಪೊಲೀಸರು ಮಾಡುವ ಕೆಲಸಕ್ಕೆ ಒಂದು ನಾಮಪದ ಬೇಕಾಗಿದೆ. ಕನ್ನಡ ಪತ್ರಿಕೆಗಳು ರೂಢಿಗೆ ತಂದಿರುವುದು ‘ಪೊಲೀಸ್‌ಗಿರಿ’ಯನ್ನು, ಅದು ಕರಾವಳಿಯ ಸುದ್ದಿಗಳಲ್ಲಿ ‘ನೈತಿಕ’ ಎಂಬ ವಿಶೇಷಣದೊಡನೆ ಬಂದು ಬಂದು, ಕಾನೂನನ್ನು ಕೈಗೆತ್ತಿಕೊಳ್ಳುವುದು ಎಂಬ ಅರ್ಥವನ್ನೇ ಅಂಟಿಸಿಕೊಂಡಿದೆ. ‘ಬಂದೋಬಸ್ತ್’ ಜಾತ್ರೆಗೂ ಗಣೇಶನ ಮೆರವಣಿಗೆಗೂ ಸರಿ, ಮುನ್ನೂರ ಅರವತ್ತೈದು ದಿನದ ಕೆಲಸಕ್ಕೆ ಅಲ್ಲ. ‘ಕಾವಲು’ ಒಳ್ಳೆಯ ಪದ, ಆದರೆ ತನಿಖೆ ಅದರೊಳಗೆ ಬರುವುದಿಲ್ಲ. ‘ಪೊಲೀಸ್ ಹೊಣೆ’ ಎಂಬುದನ್ನು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಗಸ್ತು, ತನಿಖೆ, ಸಂಚಾರ ನಿಯಂತ್ರಣ ಮೂರನ್ನೂ ಅದು ಒಳಗೊಳ್ಳುತ್ತದೆ. ಯಾರು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಯನ್ನೂ ಜೊತೆಗೆ ಕರೆತರುತ್ತದೆ.

ಮುಖ್ಯ ಪ್ರಶ್ನೆ ಕ್ರಿಯಾಪದದ್ದು. ‘ಷೆರಿಫ್ ನಗರದ ಪೊಲೀಸ್ ವ್ಯವಸ್ಥೆಯನ್ನು ವಶಕ್ಕೆ ಪಡೆದರು’ ಎಂದು ಸುದ್ದಿ ಬರೆಯುವುದು ಸುಲಭ. ಆದರೆ ಪೊಲೀಸರು ವಶಕ್ಕೆ ಪಡೆಯುವುದು ಆರೋಪಿಯನ್ನು ಅಥವಾ ಅಕ್ರಮ ಮದ್ಯವನ್ನು. ಆ ಪದ ಇಲ್ಲಿ ಬಂದರೆ ಷೆರಿಫ್ ನುಗ್ಗಿ ಕಿತ್ತುಕೊಂಡಂತೆ ಕೇಳಿಸುತ್ತದೆ. ನಡೆಯುವುದು ಅದಕ್ಕೆ ತಿರುಗುಮುರುಗು: ನಗರಸಭೆಯ ಸದಸ್ಯರು ಮತ ಹಾಕಿ ನಿರ್ಣಯಿಸುತ್ತಾರೆ, ಕೌಂಟಿಯೊಡನೆ ಒಪ್ಪಂದವಾಗುತ್ತದೆ, ನಗರ ವರ್ಷಕ್ಕಿಷ್ಟು ಎಂದು ಹಣ ಕಟ್ಟುತ್ತದೆ. ‘ಸ್ವಾಧೀನ’ವೂ ಹಾಗೆಯೇ, ಅದು ಭೂಮಿಯ ವ್ಯವಹಾರಕ್ಕೆ ಅಂಟಿಕೊಂಡ ಪದ.

‘ವಿಲೀನ’ ಎಂಬ ಸಲಹೆಯನ್ನು ಸ್ನೇಹಿತರೊಬ್ಬರು ಕೊಟ್ಟರು. ಇತಿಹಾಸದ ದೃಷ್ಟಿಯಿಂದ ಇದು ಇರುವುದರಲ್ಲೆಲ್ಲ ಹೊಂದದ ಪದ. ವಿಲೀನ ಎಂದರೆ ನಮಗೆ ನೆನಪಾಗುವುದು 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳು ಬೃಹತ್ ಬೆಂಗಳೂರಿನೊಳಗೆ ಸೇರಿಹೋದದ್ದು. ಸೇರಿದ ಮೇಲೆ ಆ ನಗರಸಭೆಗಳು ಉಳಿಯಲಿಲ್ಲ. ಷೆರಿಫ್ ಒಪ್ಪಂದದ ಪದ್ಧತಿ ಹುಟ್ಟಿದ್ದೇ ಅಂಥ ವಿಲೀನವನ್ನು ತಪ್ಪಿಸಿಕೊಳ್ಳಲು. ಲಾಸ್ ಏಂಜಲೀಸ್ ಕೌಂಟಿಯ ಲೇಕ್‌ವುಡ್ ಎರಡನೆಯ ಮಹಾಯುದ್ಧದ ನಂತರ ಸಾಲುಸಾಲಾಗಿ ಮನೆ ಕಟ್ಟಿ ಬೆಳೆಸಿದ ಬಡಾವಣೆ. ಪಕ್ಕದ ಲಾಂಗ್ ಬೀಚ್ ನಗರ ಅದನ್ನು ಒಳಗೆ ಎಳೆದುಕೊಳ್ಳುವ ಯತ್ನದಲ್ಲಿತ್ತು. ನಿವಾಸಿಗಳು ಅದನ್ನು ವಿರೋಧಿಸಿ 1954ರಲ್ಲಿ ತಮ್ಮದೇ ನಗರವನ್ನು ಸ್ಥಾಪಿಸಿಕೊಂಡರು. ಆದರೆ ಪೊಲೀಸ್, ಅಗ್ನಿಶಾಮಕ, ರಸ್ತೆ ಎಂದು ಎಲ್ಲಕ್ಕೂ ಸ್ವಂತ ಇಲಾಖೆ ಕಟ್ಟುವಷ್ಟು ಹಣವಿಲ್ಲದ್ದರಿಂದ ಕೌಂಟಿಯಿಂದಲೇ ಆ ಸೇವೆಗಳನ್ನು ಕೊಂಡುಕೊಂಡರು. ಇದಕ್ಕೆ ಲೇಕ್‌ವುಡ್ ಯೋಜನೆ ಎಂದೇ ಹೆಸರಾಯಿತು. ಇಂದು ಆ ಕೌಂಟಿಯ 88 ನಗರಗಳಲ್ಲಿ 42ರ ಪೊಲೀಸ್ ಹೊಣೆ ಷೆರಿಫ್ ಇಲಾಖೆಯದು. ಕ್ಯುಪರ್ಟಿನೋ 1955ರಲ್ಲಿ, ಸಾರಟೋಗ 1956ರಲ್ಲಿ ನಗರಗಳಾದವು. ಇವೆರಡೂ ಸಾಂಟಾ ಕ್ಲಾರಾ ಕೌಂಟಿಯ ಷೆರಿಫ್ ಮೇಲೆಯೇ ಅವಲಂಬಿಸಿವೆ. ಸುಮಾರು 60,000 ಜನರ ಕ್ಯುಪರ್ಟಿನೋದಲ್ಲಿ ‘ಕ್ಯುಪರ್ಟಿನೋ ಪೊಲೀಸ್’ ಎಂಬ ಇಲಾಖೆಯೇ ಇಲ್ಲ ಎಂದು ತಿಳಿದಾಗ ನಮ್ಮ ಹಿರಿಯರಲ್ಲಿ ಅನೇಕರು ಬೆರಗಾಗುತ್ತಾರೆ. ನೆರೆಯ ಸನಿವೇಲ್‌ನದು ಇದಕ್ಕೆ ಎದುರು ತುದಿ: ಅಲ್ಲಿ 1950ರಿಂದ ಒಂದೇ ಇಲಾಖೆಯ ಅದೇ ಸಿಬ್ಬಂದಿ ಪೊಲೀಸ್ ಕೆಲಸವನ್ನೂ ಬೆಂಕಿ ಆರಿಸುವ ಕೆಲಸವನ್ನೂ ಮಾಡುತ್ತಾರೆ.

‘ಗುತ್ತಿಗೆ’ಯಲ್ಲಿ ತಪ್ಪಿಲ್ಲ, ಆದರೆ ಭಾರ ಹೆಚ್ಚು. ಗುತ್ತಿಗೆ ಪೌರಕಾರ್ಮಿಕರು, ಗುತ್ತಿಗೆ ನೌಕರರು ಎಂಬ ಬಳಕೆಯಿಂದ ಆ ಪದಕ್ಕೆ ಕಡಿಮೆ ಸಂಬಳ ಮತ್ತು ಕೆಲಸದ ಅಭದ್ರತೆಯ ಛಾಯೆ ಬಂದಿದೆ. ‘ಹೊರಗುತ್ತಿಗೆ’ಯಂತೂ ಖಾಸಗಿ ಏಜೆನ್ಸಿಯ ಕಡೆಗೇ ಬೊಟ್ಟು ಮಾಡುತ್ತದೆ. ಷೆರಿಫ್ ಸಿಬ್ಬಂದಿ ಕೌಂಟಿಯ ಕಾಯಂ ನೌಕರರು. ಎಷ್ಟೋ ಸಲ ಸಣ್ಣ ನಗರದ ಪೊಲೀಸರಿಗಿಂತ ಅವರ ಸಂಬಳವೇ ಹೆಚ್ಚು. ಗುಡ್‌ಹ್ಯೂವಿನಲ್ಲಿ 2023ರ ಆಗಸ್ಟ್‌ನಲ್ಲಿ ಪೊಲೀಸ್ ಮುಖ್ಯಸ್ಥರೂ ಅವರ ಸಿಬ್ಬಂದಿಯೂ ಒಟ್ಟಿಗೆ ರಾಜೀನಾಮೆ ಕೊಟ್ಟದ್ದು ಇದೇ ಕಾರಣಕ್ಕೆ: ಗಂಟೆಗೆ 22 ಡಾಲರ್ ಸಂಬಳಕ್ಕೆ ಹೊಸಬರು ಯಾರೂ ಅರ್ಜಿ ಹಾಕುತ್ತಿರಲಿಲ್ಲ. ಕೊನೆಗೆ ಆ ಊರು ಕೌಂಟಿಯ ಷೆರಿಫ್ ಕಚೇರಿಯ ಕಡೆ ನೋಡಬೇಕಾಯಿತು.

ಗುಡ್‌ಹ್ಯೂವಿನಂಥ ಊರಿನ ಮಟ್ಟಿಗೆ ನನ್ನ ತೀರ್ಮಾನ ಸ್ಪಷ್ಟವಿದೆ. ಹಗಲೂ ರಾತ್ರಿಯೂ ಒಬ್ಬರನ್ನಾದರೂ ಗಸ್ತಿನಲ್ಲಿಡಬೇಕೆಂದರೆ ವಾರಕ್ಕೆ 168 ಗಂಟೆ. ವಾರಕ್ಕೆ 40 ಗಂಟೆ ದುಡಿಯುವ ನಾಲ್ವರಿಂದ ಅದು ಪೂರೈಸುವುದಿಲ್ಲ, ರಜೆ ಮತ್ತು ತರಬೇತಿಯನ್ನು ಸೇರಿಸಿದರೆ ಐವರೂ ಸಾಲರು. ಅಷ್ಟು ಜನರ ಸಂಬಳ, ಎರಡು ಕಾರು, ವಿಮೆ, ಮೇಲೆ ಯಾರಾದರೂ ಮೊಕದ್ದಮೆ ಹೂಡಿದರೆ ಅದರ ಖರ್ಚು, ಇಷ್ಟನ್ನು 1,300 ಜನರ ತೆರಿಗೆ ಹೊರಲಾರದು. ಅಂಥ ಊರು ಷೆರಿಫ್ ಬಳಿಗೆ ಹೋಗುವುದೇ ವಿವೇಕ. ಹತ್ತಿಪ್ಪತ್ತು ಸಾವಿರ ಜನರ ಊರಿಗೆ ಈ ಲೆಕ್ಕ ಅಷ್ಟು ಸರಳವಲ್ಲ. ಸಾನ್ ಮಟೇಯೊ ಕೌಂಟಿಯ ಸಾನ್ ಕಾರ್ಲೋಸ್ 2010ರಲ್ಲಿ, ಹಾಫ್ ಮೂನ್ ಬೇ 2011ರಲ್ಲಿ, ಆರ್ಥಿಕ ಕುಸಿತದ ಹೊಡೆತಕ್ಕೆ ಸಿಕ್ಕಿ ತಮ್ಮ ಪೊಲೀಸ್ ಇಲಾಖೆಗಳನ್ನು ಮುಚ್ಚಿದವು. ಉಳಿತಾಯ ಕಂಡಿತೆನ್ನುವುದು ಒಂದು ವಾದ. ಒಮ್ಮೆ ಮುಚ್ಚಿದ ಇಲಾಖೆಯನ್ನು ಮತ್ತೆ ಕಟ್ಟಲು ಠಾಣೆ, ವಾಹನ, ದಾಖಲೆ, ಅನುಭವಿ ಸಿಬ್ಬಂದಿ ಎಲ್ಲವೂ ಹೊಸದಾಗಿ ಬೇಕು, ಆದ್ದರಿಂದ ಕರಾರಿನ ದರ ಏರಿದರೂ ನಗರ ಬಾಯಿ ಮುಚ್ಚಿಕೊಂಡು ಕೊಡಬೇಕಾಗುತ್ತದೆ ಎನ್ನುವುದು ಮತ್ತೊಂದು. ಎರಡನೆಯದು ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ. 2000ದಲ್ಲಿ ತನ್ನ ಪೊಲೀಸ್ ಇಲಾಖೆಯನ್ನು ಮುಚ್ಚಿದ, ಲಾಸ್ ಏಂಜಲೀಸ್ ಕೌಂಟಿಯ ಕಾಂಪ್ಟನ್ ನಗರದ ಆಡಳಿತಗಾರರು 2021ರಲ್ಲಿ, ತಾವು ಹಣ ಕೊಟ್ಟಷ್ಟು ಗಸ್ತು ತಮಗೆ ಸಿಗುತ್ತಿಲ್ಲವೆಂದು ಷೆರಿಫ್ ಇಲಾಖೆಯ ಮೇಲೆ ಬಹಿರಂಗವಾಗಿಯೇ ದೂರಿದರು. ಹಾಗೆ ದೂರುವ ನಗರಕ್ಕೆ ಸ್ವಂತ ಮುಖ್ಯಸ್ಥರನ್ನು ಕರೆಸಿ ಕೇಳುವ ದಾರಿ ಇಲ್ಲ.

ಕ್ರಿಯಾಪದದ ಆಯ್ಕೆಗೆ ಇದೇ ಅಂಶ ಮುಖ್ಯ. ನಗರದ ಪೊಲೀಸ್ ಮುಖ್ಯಸ್ಥರನ್ನು ನಗರಾಡಳಿತ ನೇಮಿಸುತ್ತದೆ, ಬೇಡವಾದರೆ ಮನೆಗೆ ಕಳಿಸುತ್ತದೆ. ಷೆರಿಫ್‌ರನ್ನು ಕಳಿಸುವ ಅಧಿಕಾರ ಒಪ್ಪಂದ ಮಾಡಿಕೊಂಡ ನಗರಕ್ಕೆ ಇರುವುದಿಲ್ಲ. ಕೌಂಟಿಯ ಮಂಡಳಿಯ ಕೈಯೂ ಬಹಳ ಕಡೆ ಕಟ್ಟಿಹಾಕಿದಂತೆಯೇ ಇತ್ತು. ಲಾಸ್ ಏಂಜಲೀಸ್ ಕೌಂಟಿಯ ಮತದಾರರು 2022ರಲ್ಲಷ್ಟೇ ತಮ್ಮ ಮಂಡಳಿಗೆ ಐದರಲ್ಲಿ ನಾಲ್ಕು ಮತಗಳಿಂದ ಷೆರಿಫ್‌ರನ್ನು ಪದಚ್ಯುತಗೊಳಿಸುವ ಅಧಿಕಾರ ಕೊಟ್ಟರು. ಅದೇ ವರ್ಷ ಸಾಂಟಾ ಕ್ಲಾರಾ ಕೌಂಟಿಯಲ್ಲಿ, 1998ರಲ್ಲಿ ಮೊದಲು ಆಯ್ಕೆಯಾಗಿ ಎರಡು ದಶಕಕ್ಕೂ ಮಿಕ್ಕಿ ಷೆರಿಫ್ ಆಗಿದ್ದ ಲಾರಿ ಸ್ಮಿತ್ ಅವರ ಮೇಲೆ, ಬಂದೂಕು ಪರವಾನಗಿ ಕೊಡುವುದರಲ್ಲಿ ಪಕ್ಷಪಾತ ಮುಂತಾದ ಆಪಾದನೆಗಳ ವಿಚಾರಣೆ ನಡೆದು, ಅವರು ರಾಜೀನಾಮೆ ಕೊಟ್ಟ ಕೆಲವೇ ದಿನಗಳಲ್ಲಿ ಜ್ಯೂರಿ ಅವರನ್ನು ತಪ್ಪಿತಸ್ಥರೆಂದಿತು. ಅಷ್ಟೂ ಕಾಲ ಕ್ಯುಪರ್ಟಿನೋ, ಸಾರಟೋಗಗಳ ಬೀದಿಗಳ ಪೊಲೀಸ್ ಹೊಣೆ ಅವರ ಕಚೇರಿಯದೇ ಆಗಿತ್ತು, ಮತ್ತು ಆ ನಗರಗಳ ಸಭೆಗಳಿಗೆ ಹೊಸ ಷೆರಿಫ್‌ರನ್ನು ನೇಮಿಸುವ ಮಾತೇ ಇರಲಿಲ್ಲ.

ಆದ್ದರಿಂದ ನನಗೆ ಒಪ್ಪಿಗೆಯಾಗಿರುವುದು ‘ವಹಿಸು’. ‘ಪ್ರಕರಣವನ್ನು ಸಿಬಿಐಗೆ ವಹಿಸಿ’ ಎಂಬುದು ನಮ್ಮ ವಿಧಾನಸೌಧದೊಳಗೂ ಹೊರಗೂ ದಿನನಿತ್ಯ ಕೇಳುವ ಮಾತು. ಅಲ್ಲಿ ವಹಿಸುವವರು ಸರ್ಕಾರದವರು, ವಹಿಸುವ ನಿರ್ಧಾರ ಅವರದು. ವಹಿಸಿದ ಮೇಲೆ ತನಿಖೆ ಅವರ ಹತೋಟಿಯಲ್ಲಿರುವುದಿಲ್ಲ ಎಂಬುದೂ ಓದುಗರಿಗೆ ಗೊತ್ತು. ‘ನಗರದ ಪೊಲೀಸ್ ಹೊಣೆಯನ್ನು ಷೆರಿಫ್‌ಗೆ ವಹಿಸುವುದು’ ಎಂದಾಗ ಈ ಎರಡೂ ಅಂಶಗಳು, ಅಂದರೆ ನಗರದ ಇಚ್ಛೆಯೂ ಆಮೇಲಿನ ಹತೋಟಿಯ ಕೊರತೆಯೂ, ಬೇರೆ ವಿವರಣೆಯಿಲ್ಲದೆ ಬರುತ್ತವೆ. ‘ಒಪ್ಪಿಸು’ ಹತ್ತಿರದ ಪದವಾದರೂ, ಪೊಲೀಸರಿಗೆ ನಾವು ಒಪ್ಪಿಸುವುದು ಕಳ್ಳನನ್ನು. ‘ಹಸ್ತಾಂತರ’ವೆಂದರೆ ಮರಳಿ ಬಾರದಂತೆ ಕೊಟ್ಟುಬಿಡುವ ಧ್ವನಿಯಿದೆ, ಒಪ್ಪಂದದಲ್ಲಿ ಅವಧಿ ಇದ್ದೇ ಇರುತ್ತದೆ.

ತಮ್ಮಿಂದ ನನಗೆ ಬೇಕಾಗಿರುವುದು ಎರಡು ವಿಷಯಗಳಲ್ಲಿ ಅಭಿಪ್ರಾಯ. ‘ವಹಿಸು’ವಿನ ವಿರುದ್ಧ ದಿಕ್ಕಿಗೆ, ಎಂದರೆ ನಗರವು ಅವಧಿ ಮುಗಿದ ಮೇಲೆ ಹೊಣೆಯನ್ನು ತನ್ನ ಕೈಗೆ ತೆಗೆದುಕೊಳ್ಳುವುದಕ್ಕೆ, ‘ವಾಪಸ್ ಪಡೆ’ ಎಂದರೆ ಕೊಟ್ಟ ಸಾಮಾನನ್ನು ಕೇಳಿದಂತೆ ಕೇಳಿಸುತ್ತದೆ. ‘ಹಿಂಪಡೆ’ ಎಂದರೆ ಅರ್ಜಿಯನ್ನೋ ಮಸೂದೆಯನ್ನೋ ಹಿಂತೆಗೆದುಕೊಂಡಂತೆ. ಧಾರವಾಡ, ಕಲಬುರಗಿ ಅಥವಾ ಮಂಗಳೂರಿನ ಕಡೆಯ ಆಡಳಿತದ ಬರವಣಿಗೆಯಲ್ಲಿ ಇದಕ್ಕೆ ಬೇರೆ ಪದ ಬಳಕೆಯಲ್ಲಿದೆಯೇ? ಎರಡನೆಯದು, ನಗರ ಮತ್ತು ಕೌಂಟಿಯ ನಡುವಿನ ಪತ್ರವನ್ನು ‘ಒಪ್ಪಂದ’ ಎನ್ನುವುದೋ ‘ಕರಾರು’ ಎನ್ನುವುದೋ? ಮನೆ ಬಾಡಿಗೆಗೆ ಕರಾರುಪತ್ರ ಬರೆಸಿದ ಹಿರಿಯರಿಗೆ ‘ಕರಾರು’ ಎಂದರೆ ಅವಧಿ, ದರ, ಷರತ್ತು ಮೂರೂ ಒಟ್ಟಿಗೆ ಹೊಳೆಯುತ್ತವೆ ಎಂಬ ಕಾರಣಕ್ಕೆ ನಾನು ಅದರ ಕಡೆಗೆ ವಾಲಿದ್ದೇನೆ. ಆದರೆ ಎರಡು ಸರ್ಕಾರಿ ಸಂಸ್ಥೆಗಳ ನಡುವಿನ ವ್ಯವಹಾರಕ್ಕೆ ಅದು ಹಗುರವಾದೀತೆ ಎಂಬುದನ್ನು ಕಂದಾಯ ಅಥವಾ ಪೌರಾಡಳಿತ ಇಲಾಖೆಯಲ್ಲಿ ಕೆಲಸ ಮಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ.