ಟಂಕದೋಷ, ಮುಕ್ಕು, ಹಾನಿ: ನಾಣ್ಯದ ವಿಷಯದಲ್ಲಿ ಯಾವ ಪದ ಸರಿ?

ಬಾಗಲಕೋಟೆ, ವಿಜಯಪುರಗಳ ಕಡೆ ಹಳೆಯ ನಾಣ್ಯ ಮಾರುವವರ ಬಾಯಲ್ಲಿ ಸ್ವಲ್ಪ ವಿಕಾರವಾಗಿ ಕಂಡ ನಾಣ್ಯವೆಲ್ಲ ‘ಮಿಸ್‌ಪ್ರಿಂಟ್’. ಟಂಕಸಾಲೆಯಿಂದಲೇ ತಪ್ಪಾಗಿ ಹೊರಬಿದ್ದದ್ದಕ್ಕೂ, ಯಾರೋ ಅರದಿಂದ ಉಜ್ಜಿದ್ದಕ್ಕೂ ಅದೊಂದೇ ಹೆಸರು ನಡೆಯುತ್ತಿರುವುದರಿಂದ, ಹೊಸದಾಗಿ ಸಂಗ್ರಹಕ್ಕೆ ತೊಡಗಿದ ಹುಡುಗರು ಮುಖಬೆಲೆಯಷ್ಟೇ ಬಾಳುವ ನಾಣ್ಯಕ್ಕೆ ನೂರಾರು ರೂಪಾಯಿ ತೆರುತ್ತಿದ್ದಾರೆ. ಅಂಥವರಿಗಾಗಿ ಕನ್ನಡದಲ್ಲಿ ಕಿರುಹೊತ್ತಗೆಯೊಂದನ್ನು ಬರೆಯುತ್ತಿರುವ ನನಗೆ ಇವೆರಡಕ್ಕೂ ಬೇರೆ ಬೇರೆ ಪದಗಳು ಬೇಕಾಗಿವೆ.

ಭೇದ ಎಷ್ಟು ಸ್ಪಷ್ಟವೆಂಬುದಕ್ಕೆ ಅಂಚು ಬಾಲಚಂದ್ರನಂತೆ ಕತ್ತರಿಸಿಹೋದ ಒಂದು ರೂಪಾಯಿಯನ್ನೇ ನೋಡಬಹುದು. ಲೋಹದ ತಗಡಿನಲ್ಲಿ ಮೊದಲೇ ಕೊರೆದ ತೂತಿನ ಮೇಲೆ ಮತ್ತೆ ಕೊರೆತ ಬಿದ್ದಾಗ ಇಂಥ ಬಿಲ್ಲೆ ಹುಟ್ಟುತ್ತದೆ. ಅಚ್ಚಿಗೆ ಕೊಡುವ ಮುನ್ನ ಅದರ ಅಂಚನ್ನು ಒತ್ತಿ ಎಬ್ಬಿಸುವಾಗ ಕತ್ತರಿಸಿದ ಕಡೆ ಒತ್ತಡಕ್ಕೆ ಆಸರೆಯಿಲ್ಲದ ಕಾರಣ, ಸರಿಯಾಗಿ ಅದರ ಎದುರು ದಿಕ್ಕಿನ ಅಂಚೂ ಮಸುಕಾಗಿ ಏಳುತ್ತದೆ, ಅಚ್ಚು ಬಿದ್ದಾಗ ಕೊರೆತದ ಬಳಿಯ ಅಕ್ಷರಗಳು ಹೊರಗಡೆಗೆ ಹಿಗ್ಗುತ್ತವೆ. ಆಮೇಲೆ ಕತ್ತರಿಸಿದ ನಾಣ್ಯದಲ್ಲಿ ಎದುರಂಚು ತುಂಬಿಕೊಂಡೇ ಇರುತ್ತದೆ, ಅಕ್ಷರ ಅರ್ಧಕ್ಕೆ ತುಂಡಾಗಿರುತ್ತದೆ, ಭೂತಗನ್ನಡಿಯಲ್ಲಿ ಅರದ ಗೀರುಗಳು ಕಾಣುತ್ತವೆ. ಗೆರೆಗಳ ವಿಷಯವೂ ಹೀಗೆಯೇ: ಅಚ್ಚು ಬಿರಿದಿದ್ದರೆ ಲೋಹ ಬಿರುಕಿನೊಳಗೆ ನುಗ್ಗಿ ನಾಣ್ಯದ ಮೇಲೆ ಉಬ್ಬುಗೆರೆ ಮೂಡುತ್ತದೆ, ಬಳಕೆಯಲ್ಲಿ ಬಿದ್ದ ಗೀರು ತಗ್ಗಾಗಿರುತ್ತದೆ.

ಮೊದಲನೆಯದಕ್ಕೆ, ಅಂದರೆ ಟಂಕಸಾಲೆಯಲ್ಲೇ ಆದ ತಪ್ಪಿಗೆ, ‘ಕಮ್ಮಟದೋಷ’ ಎನ್ನಬೇಕೆಂದು ನನಗೆ ಬಹಳ ಆಸೆಯಿತ್ತು. ನಾಣ್ಯ ಅಚ್ಚುಹಾಕುವ ಜಾಗಕ್ಕೆ ಕಮ್ಮಟವೆಂಬ ಹಳೆಯ, ಅಚ್ಚುಕಟ್ಟಾದ ಹೆಸರು ನಮ್ಮಲ್ಲಿದೆ. ಆದರೆ ಕಾವ್ಯಕಮ್ಮಟ, ಕಥಾಕಮ್ಮಟಗಳ ಕಾಲದಲ್ಲಿ ಓದುಗರ ಮನಸ್ಸು ತರಬೇತಿ ಶಿಬಿರದ ಕಡೆಗೆ ಹೋದೀತೆಂಬ ಅಳುಕಿನಿಂದ ಸದ್ಯಕ್ಕೆ ‘ಟಂಕದೋಷ’ವನ್ನು ಆರಿಸಿಕೊಂಡಿದ್ದೇನೆ. ಕಷ್ಟವಿರುವುದು ಎರಡನೆಯದರಲ್ಲಿ, ಅಂದರೆ ಆಮೇಲೆ ಆದ ಕೇಡಿನಲ್ಲಿ. ‘ಮುಕ್ಕು’ ಎಂದರೆ ಅಂಚು ಒಡೆದದ್ದು ಮಾತ್ರ. ‘ಸವಕಲು’ ಕೈಯಿಂದ ಕೈಗೆ ದಾಟಿ ತೇಯ್ದದ್ದನ್ನು ಹೇಳುತ್ತದೆ. ‘ಬಳಕೆಹಾನಿ’ ಎಂದುಬಿಟ್ಟರೆ ಮೋಸಕ್ಕಾಗಿ ಆಮ್ಲದಲ್ಲಿ ಅದ್ದಿದ, ಇಕ್ಕಳದಲ್ಲಿ ಅದುಮಿದ ನಾಣ್ಯಗಳು ಹೊರಗುಳಿಯುತ್ತವೆ.

ಇನ್ನೊಂದು ತೊಡಕು ವಿಜಯಪುರದ್ದೇ. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಆಳಿದ ಸುಲ್ತಾನ ಎರಡನೆಯ ಅಲಿ ಆದಿಲ್ ಶಾಹನ ‘ಲಾರಿ’ ಎಂಬ ನಾಣ್ಯ ಮಡಚಿದ ಬೆಳ್ಳಿಯ ತಂತಿ. ಅಷ್ಟು ಕಿರಿದಾದ ಮೈಮೇಲೆ ಅಚ್ಚಿನ ಬರಹದ ತುಣುಕಷ್ಟೇ ಹಿಡಿಸುತ್ತದೆ. ಕೈಯಿಂದ ಬಡಿದು ಮಾಡಿದ ಆ ಕಾಲದ ತಾಮ್ರದ ಕಾಸುಗಳಲ್ಲಿಯೂ ಬಿಲ್ಲೆಗಿಂತ ಅಚ್ಚು ದೊಡ್ಡದಾಗಿರುವುದು ಸಾಮಾನ್ಯ. ಬರಹ ಅಂಚಿನಾಚೆ ಹೋಗಿರುವುದು ಅಲ್ಲಿಯ ಪದ್ಧತಿಯೇ ಆಗಿರುವಾಗ ಅದನ್ನು ದೋಷವೆನ್ನುವುದು ಆ ಕುಶಲಕರ್ಮಿಗಳಿಗೆ ಮಾಡುವ ಅನ್ಯಾಯ. ಹಾಗಾಗಿ ‘ಟಂಕದೋಷ’ವನ್ನು ಯಂತ್ರದ ನಾಣ್ಯಗಳಿಗಷ್ಟೇ ಸೀಮಿತಗೊಳಿಸಬೇಕೆಂಬುದು ನನ್ನ ನಿಲುವು.

ಟಂಕಸಾಲೆ ಬಿಟ್ಟ ಮೇಲೆ, ತಿಳಿದೋ ತಿಳಿಯದೆಯೋ ನಾಣ್ಯಕ್ಕೆ ಆದ ಎಲ್ಲ ಬಗೆಯ ಕೇಡನ್ನೂ ಒಳಗೊಳ್ಳುವ ಒಂದೇ ಪದ ಅಕ್ಕಸಾಲಿಗರ ಅಥವಾ ಸರಾಫರ ಆಡುಮಾತಿನಲ್ಲಿ ಇದೆಯೇ? ಬಲ್ಲವರು ಅದನ್ನು ಯಾವ ಊರಿನಲ್ಲಿ, ಯಾವ ವಾಕ್ಯದಲ್ಲಿ ಕೇಳಿದ್ದೀರೆಂಬುದರ ಸಹಿತ ತಿಳಿಸಬೇಕಾಗಿ ಕೋರುತ್ತೇನೆ.